ನಮ್ಮ ನೋಟ್‌ಬುಕ್ ಮೇಲೆ ಈ ಸಲ ಕಪ್ಪೆ ಯಾಕೆ?

ಪ್ರಿಯ ಗ್ರಾಹಕರೇ, ಅಂಗಡಿಯವರೇ, ಶಾಲೆಯ ಗುರುಗಳೇ,

ಧಾರವಾಡದ ನಮ್ಮ ಸಹಕಾರ ಸಂಘದ 200 ಪುಟದ ನೋಟ್‌ಬುಕ್ ಎಂದರೆ ರಟ್ಟಿನ ಮೇಲೆ ಸಿಂಗಳೀಕ ಇರಲೇಬೇಕು ಎನ್ನುವಷ್ಟು ರೂಢಿಯಾಗಿದೆ. ಈ ಜೂನ್‌ನಿಂದ ಅರ್ಧದಷ್ಟು ಪುಸ್ತಕಗಳ ಮೇಲೆ ಕೊಟ್ಟಿಗೆಹಾರದ ಕುಣಿಯುವ ಕಪ್ಪೆ ಬರುತ್ತದೆ. ಬೆಲೆ, ಕಾಗದ, ಹೊಲಿಗೆ ಎಲ್ಲ ಮೊದಲಿನಂತೆಯೇ.

ಮಾದರಿ ನೋಡಿದ ಕೆಲವರು ‘ರಟ್ಟು ಖಾಲಿ ಕಾಣ್ತದಲ್ಲಾ, ಪ್ರಿಂಟ್ ತಪ್ಪಿದೆಯಾ?’ ಎಂದು ಕೇಳಿದರು. ತಪ್ಪಿಲ್ಲ. ಕಪ್ಪೆಯನ್ನು ಅದು ಇರುವ ಅಳತೆಯಲ್ಲೇ ಬರೆಸಿದ್ದೇವೆ. ಇರುವುದೇ ಹೆಬ್ಬೆರಳ ತುದಿಯಷ್ಟು. ಒದ್ದೆ ಬಂಡೆಯ ಮೇಲೆ ಕೂತು ಒಂದು ಹಿಂಗಾಲು ಚಾಚಿದೆ, ಬೆರಳುಗಳ ನಡುವಿನ ಪೊರೆ ಅಗಲವಾಗಿ ಬಿಚ್ಚಿದೆ. ಹಳ್ಳದ ನೀರಿನ ಸದ್ದಿನಲ್ಲಿ ಬರೀ ಕೂಗಿದರೆ ಸಾಲದು. ಅದಕ್ಕೇ ಗಂಡು ಕಪ್ಪೆ ಹೀಗೆ ಕಾಲು ಬೀಸಿ ‘ಈ ಜಾಗ ನನ್ನದು’ ಎಂದು ಎದುರಾಳಿಗೆ ತೋರಿಸುತ್ತದೆ. ಈ ಬಗೆಯ ಕಪ್ಪೆಯನ್ನು 1937ರಲ್ಲೇ ಗುರುತಿಸಿ ಹೆಸರಿಟ್ಟವರು ಬೆಂಗಳೂರಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್.

ಸಿಂಗಳೀಕದ ಕಷ್ಟ ಸಣ್ಣದೇನಲ್ಲ. ಕರ್ನಾಟಕ, ಕೇರಳ, ತಮಿಳುನಾಡಿನ ಘಟ್ಟದ ಕಾಡು ಬಿಟ್ಟರೆ ಅದಕ್ಕೆ ಬೇರೆ ನೆಲೆಯಿಲ್ಲ. ಹೆರುವುದು ಸಲಕ್ಕೆ ಒಂದೇ ಮರಿ. ಮರದಿಂದ ಮರಕ್ಕೇ ಓಡಾಡುವ ಪ್ರಾಣಿ, ನಡುವೆ ರಸ್ತೆ ಬಂದರೆ ದಾರಿಯೇ ಕಡಿಯುತ್ತದೆ. ಆದರೂ ಅದರ ಬಿಳಿ ಕೇಸರ ನೋಡಿದವರು ಮರೆಯುವುದಿಲ್ಲ. ಅಘನಾಶಿನಿ ಕಣಿವೆಯಲ್ಲಿ ಅದರ ಹೆಸರಲ್ಲೇ ಸಂರಕ್ಷಿತ ಪ್ರದೇಶ ಇದೆ.

ಕಪ್ಪೆಯನ್ನು ಕೇಳುವವರು ಯಾರು? ಕುಣಿಯುವ ಕಪ್ಪೆಗಳ ಕುಲದಲ್ಲಿ 24 ಬಗೆಗಳಿವೆ, ಎಲ್ಲವೂ ಪಶ್ಚಿಮ ಘಟ್ಟದವೇ. ಅವುಗಳಲ್ಲಿ ಹತ್ತಕ್ಕೆ ಒಂಬತ್ತು ಅಪಾಯದಲ್ಲಿವೆ. ಜಗತ್ತಿನ ಲೆಕ್ಕವೂ ಹಾಗೇ ಇದೆ: ಸಸ್ತನಿಗಳಲ್ಲಿ ನೂರಕ್ಕೆ ಸುಮಾರು 27 ಬಗೆ ಅಳಿವಿನ ಭಯದಲ್ಲಿದ್ದರೆ, ಕಪ್ಪೆಯಂಥ ಉಭಯವಾಸಿಗಳಲ್ಲಿ 41. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಹಾಗಾಗಿ ನೀರಿಗೆ ಸೇರಿದ ಕೀಟನಾಶಕ ನೇರವಾಗಿ ಮೈಗೆ ಇಳಿಯುತ್ತದೆ. ಮೇಲಿನ ಮರ ಕಡಿದರೆ ಹಳ್ಳಕ್ಕೆ ಬಿಸಿಲು ಬೀಳುತ್ತದೆ, ನೀರು ಕಾಯುತ್ತದೆ, ಬೇಗ ಬತ್ತುತ್ತದೆ. ಸಿಂಗಳೀಕಕ್ಕೆ ಮರದ ತುದಿ ಬೇಕು, ಕಪ್ಪೆಗೆ ಅದೇ ಮರದ ನೆರಳು ಬೇಕು. ಒಂದನ್ನೇ ತೋರಿಸಿ ಇನ್ನೊಂದನ್ನು ಬಿಡುವುದು ನಮಗೆ ಸರಿ ಕಾಣಲಿಲ್ಲ.

ಇದು ದೂರದ ಮಾತೂ ಅಲ್ಲ. ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಬರುವ ಮಲಪ್ರಭೆ ಹುಟ್ಟುವುದು ಸಹ್ಯಾದ್ರಿಯ ಕಣಕುಂಬಿಯಲ್ಲಿ ಅಲ್ವಾ?

ಡಜನ್ ಕಟ್ಟಿನಲ್ಲಿ ಆರು ಸಿಂಗಳೀಕ, ಆರು ಕಪ್ಪೆ ಇರುತ್ತವೆ. ಎರಡರ ಹಿಂದಿನ ರಟ್ಟಿನಲ್ಲೂ ಆ ಪ್ರಾಣಿಯ ಬಗ್ಗೆ ನಾಲ್ಕು ಸಾಲು ಇದೆ. ಒಂದೇ ಚಿತ್ರದ ಕಟ್ಟು ಬೇಕಾದ ಅಂಗಡಿಯವರು ಆರ್ಡರ್ ಚೀಟಿಯಲ್ಲೇ ಬರೆಯಿರಿ, ಕೊಡುತ್ತೇವೆ. ‘ಕಪ್ಪೆ ಬೇಡ’ ಎಂದು ಬರೆಯುವ ಮೊದಲು ಒಂದು ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟು ನೋಡಿ.

ಇಂತಿ ನಿಮ್ಮ,
ಸಂಘದ ಎಲ್ಲ ಸದಸ್ಯರು, ಧಾರವಾಡ