ವೈವಾ ಮುಗೀತು ಕಾಕಾ

ಶುಕ್ರವಾರ ಪುಣೆಯಲ್ಲಿ ನನ್ನ ಪಿಎಚ್‌ಡಿ ವೈವಾ ಮುಗೀತು. ಫೋನ್ ಮಾಡಿದವ್ರು, ಮೆಸೇಜ್ ಹಾಕಿದವ್ರು ಎಲ್ರಿಗೂ ಥ್ಯಾಂಕ್ಸ್. ಇಷ್ಟು ವರ್ಷ ರೀಕಾನ್ಫಿಗರಬಲ್ ಆಂಟೆನಾ, ಅಂದ್ರೆ ಬೇಕಾದಾಗ ಫ್ರೀಕ್ವೆನ್ಸಿ ಬದಲಾಯಿಸೋ ಆಂಟೆನಾ ಬಿಟ್ಟು ನನ್ನ ಬಾಯಲ್ಲಿ ಬೇರೆ ಮಾತೇ ಬರ್ತಿರ್ಲಿಲ್ಲ, ಸ್ವಿಚ್ ಥರ ಕೆಲಸ ಮಾಡೋ ಡಯೋಡ್ ಆನ್ ಮಾಡಿದ್ರೆ ವೈಫೈನ 2.4 ಗಿಗಾಹರ್ಟ್ಸ್, ಆಫ್ ಮಾಡಿದ್ರೆ ಅದೇ ಆಂಟೆನಾ 5ಜಿಯ 3.5ಕ್ಕೆ ಹೋಗತ್ತೆ, ಮುಂದೆ ಬ್ಯಾಂಡ್‌ಗಳು ಹೆಚ್ಚಾದಷ್ಟೂ ಇದೇ ಬೇಕಾಗೋದು ಅಂತ ಊಟದ ತಟ್ಟೆ ಮುಂದೇನೂ ಹೇಳ್ತಿದ್ದೆ, ಕೇಳಿಸ್ಕೊಂಡ್ರಿ. ಗೈಡ್ ಸರ್, ರೂಮ್‌ಮೇಟ್ಸ್, ಥೀಸಿಸ್ ಪ್ರೂಫ್ ನೋಡಿದ ತಮ್ಮ, ಎಲ್ರ ಋಣಾನೂ ಇದೆ.

ಲ್ಯಾಬ್‌ನಲ್ಲಿ ಕೆಲಸ ಮಾಡೋ ಕಾಕಾ ಬಗ್ಗೆ ಮಾತ್ರ ಸ್ವಲ್ಪ ಉದ್ದ ಬರೀಬೇಕು.

ಅಪ್ಪನ ವೈಕುಂಠ ಸಮಾರಾಧನೆ ಮುಗಿಸಿ ತುಮಕೂರಿಂದ ಬಂದು ನಾಲ್ಕು ದಿನ ಆಗಿತ್ತು. ಮಾರನೇ ಬೆಳಗ್ಗೆ ಆನೆಕೋಯಿಕ್ ಚೇಂಬರ್, ಅಂದ್ರೆ ಪ್ರತಿಫಲನ ಇಲ್ಲದ ಹಾಗೆ ಆಂಟೆನಾ ಅಳೆಯೋ ಕೋಣೆಯ ಸ್ಲಾಟ್, ತಪ್ಪಿದ್ರೆ ಇನ್ನೆರಡು ತಿಂಗಳು ಕಾಯ್ಬೇಕು. ಸಿಮ್ಯುಲೇಷನ್‌ನಲ್ಲಿ ಚೆನ್ನಾಗಿ ಬಂದಿದ್ದ ಬೋರ್ಡ್, ಆಂಟೆನಾ ಅಳೆಯೋ ವಿಎನ್‌ಎ ಯಂತ್ರಕ್ಕೆ ಹಾಕಿ ಡಯೋಡ್ ಆನ್ ಮಾಡೋ ಬಯಾಸ್ ಕರೆಂಟ್ ಕೊಟ್ರೂ, ಆಂಟೆನಾ ಯಾವ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡತ್ತೆ ಅಂತ ತೋರ್ಸೋ ಎಸ್11 ಗೆರೆಯ ತಗ್ಗು 3.5 ಬಿಟ್ಟು ಅಲ್ಲಾಡ್ತಾನೇ ಇಲ್ಲ. ರಾತ್ರಿ ಹನ್ನೊಂದು, ಹೊರಗೆ ಜೋರು ಮಳೆ. ಅಪ್ಪ ದಿನಾ ಅದೇ ಹೊತ್ತಿಗೆ ಫೋನ್ ಮಾಡಿ ಊಟ ಆಯ್ತೇನಮ್ಮಾ ಅಂತಿದ್ರು. ಫೋನ್ ನೋಡ್ತಾ ಅಳು ತಡೆಯಕ್ಕಾಗ್ಲಿಲ್ಲ, ಎಲ್ಲಾ ಬಿಟ್ಟು ಊರಿಗೆ ಹೋಗ್ಬಿಡ್ತೀನಿ ಅಂದ್ಬಿಟ್ಟೆ.

ಕಾಕಾ ಡ್ಯೂಟಿ ಎಂಟಕ್ಕೇ ಮುಗಿದಿತ್ತು, ಆದ್ರೂ ಹೋಗಿರ್ಲಿಲ್ಲ. ವಿಜಾಪುರದ ಕಡೆಯವ್ರು. "ಹೋಗೂದಾದ್ರ ಹೋಗವಾ, ಮೊದ್ಲ ಉಣ್ಣು" ಅಂತ ಡಬ್ಬಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ನನ್ನ ಮುಂದಿಟ್ರು. ನಾನು ತಿಂತಿರೋವಾಗ ಕಾಕಾ ತಮ್ಮದೇ ಮಲ್ಟಿಮೀಟರ್ ಡಯೋಡ್ ಮೋಡ್‌ಗೆ ಹಾಕಿ, ಭೂತಗನ್ನಡಿ ಹಿಡಿದು, ಒಂದೊಂದೇ ಪಿನ್ ಡಯೋಡ್ ಮುಟ್ಟಿ ನೋಡಿದ್ರು. ಒಂದು ಉಲ್ಟಾ ಕೂತಿತ್ತು. ಎಳ್ಳುಕಾಳಿಗಿಂತ ಚಿಕ್ಕದು, ಕ್ಯಾಥೋಡ್ (ಮೈನಸ್ ತುದಿ) ಗುರುತು ನಾನೇ ತಪ್ಪಾಗಿ ನೋಡಿದ್ದೆ, ಸೀರೀಸ್‌ನಲ್ಲಿ ಒಂದು ತಿರುಗಿದ್ರೂ ಕರೆಂಟ್ ಹರಿಯಲ್ಲ. ನನ್ನ ಕೈ ನಡುಗ್ತಿತ್ತು, ಅವ್ರೇ ಬಿಚ್ಚಿ ಬೆಸುಗೆ ಹಾಕಿದ್ರು. ಎರಡೂವರೆಗೆ ಗೆರೆಯ ತಗ್ಗು 2.4ಕ್ಕೆ ಬಂದು ಕೂತಾಗ ಕಾಕಾ ಏನೂ ಅನ್ಲಿಲ್ಲ, ಚಹಾ ಮಾಡಕ್ಕೆ ಎದ್ದು ಹೋದ್ರು.

ಗೇನ್ (ಒಂದು ದಿಕ್ಕಿಗೆ ಆಂಟೆನಾ ಎಷ್ಟು ಜೋರಾಗಿ ಕಳಿಸತ್ತೆ ಅನ್ನೋ ಅಳತೆ) ಸಿಮ್ಯುಲೇಷನ್‌ಗಿಂತ ಯಾಕೆ ಕಡಿಮೆ ಅಂತ ಮೊನ್ನೆ ವೈವಾದಲ್ಲಿ ಮೊದಲ್ನೇ ಪ್ರಶ್ನೆ. ಆನ್ ಆದ ಡಯೋಡ್‌ಗೂ ಒಂದೆರಡು ಓಮ್ ರೆಸಿಸ್ಟೆನ್ಸ್ ಇರತ್ತೆ, ಪವರ್ ಸ್ವಲ್ಪ ಅಲ್ಲೇ ಬಿಸಿಯಾಗಿ ಹೋಗತ್ತೆ ಅಂತ ಆ ಬೆಳಗ್ಗೆ ಚೇಂಬರ್‌ನಲ್ಲಿ ತೆಗೆದ ಅಳತೆಗಳನ್ನೇ ತೋರಿಸಿ ಉತ್ತರ ಕೊಟ್ಟೆ.

ಕಾಕಾ, ನಿಮ್ಮ ಮಲ್ಟಿಮೀಟರ್ ಇನ್ನೂ ನನ್ನ ಹತ್ರಾನೇ ಇದೆ. ಭಾನುವಾರ ಧಾಯರಿಗೆ ತರ್ತೀನಿ, ಅಮ್ಮ ನಿಮಗೆ ಅಂತ ಚಕ್ಕುಲಿ ಕಳ್ಸಿದ್ದಾರೆ.