ಸುಣ್ಣ ಕೇಳಿದವಳು ಯಾರು?

ಬೆಂಗಳೂರು

ಪ್ರಿಯ ಕಿರಿಯ ಮಿತ್ರರಿಗೆ,

ನಿಮ್ಮ ಕಥೆ ಓದಿದೆ. ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ನಡುರಾತ್ರಿ ಬರುವ ಆ ಹೆಣ್ಣಿಗೆ ಪಾದ ಹಿಂದುಮುಂದಾಗಿದೆ, ಎಲೆಅಡಿಕೆಗೆ ಸುಣ್ಣ ಕೇಳುತ್ತಾಳೆ, ಕೊನೆಗೆ ಬಾವಲಿ ರೆಕ್ಕೆ ಬಿಚ್ಚಿ ಹಾರಿಹೋಗುತ್ತಾಳೆ. ಮೂರು ಊರಿನ ಮೂವರಿಗೆ ಒಂದೇ ಸೀರೆ ಉಡಿಸಿದ್ದೀರಿ. ಅವಳು ಯಾವ ಕಟ್ಟಳೆಗೆ ಬಗ್ಗುತ್ತಾಳೆಂದು ಗೊತ್ತಾಗದೆ ಓದುಗನಿಗೆ ಹೆದರಿಕೆಯೇ ಹುಟ್ಟುವುದಿಲ್ಲ.

ಸುಣ್ಣ ಕೇಳುವವಳು ಕೇರಳದ ಯಕ್ಷಿ. ದಾರಿಹೋಕನನ್ನು ಮಾಳಿಗೆಮನೆಗೆ ಕರೆದೊಯ್ಯುತ್ತಾಳೆ. ನಿಜಕ್ಕೂ ಅದು ತಾಳೆಮರ. ಬೆಳಗ್ಗೆ ಬುಡದಲ್ಲಿ ಸಿಗುವುದು ಕೂದಲು, ಉಗುರು ಅಷ್ಟೇ. ಇದೇ ಹೆಸರಿನವಳು ಭಾರ್ಹುತ್, ಸಾಂಚಿಯ ಹಳೆಯ ಬೌದ್ಧ ಸ್ತೂಪಗಳ ಕಲ್ಲುಗಳಲ್ಲಿ ಕೊಂಬೆ ಹಿಡಿದು ನಿಂತ ಫಲವಂತಿಕೆಯ ದೇವತೆ. ಜೈನರಲ್ಲಿ ತೀರ್ಥಂಕರರ ಶಾಸನದೇವತೆ, ಅಂದರೆ ಕಾವಲಿನ ದೇವತೆ. ಶ್ರವಣಬೆಳಗೊಳದ ಕೂಷ್ಮಾಂಡಿನಿಗೆ ಇವತ್ತಿಗೂ ಪೂಜೆಯಿದೆ. ದೇವತೆ ಹೋಗಿ ರಕ್ತ ಹೀರುವವಳಾದರೂ ಮರದ ನಂಟು ಮಾತ್ರ ತಪ್ಪಲಿಲ್ಲ. ಯಕ್ಷಿಯೇ ಬೇಕೆಂದರೆ ಮೊದಲು ಮರ ನೆಡಿ.

ಪಾದ ಹಿಂದುಮುಂದಾದವಳು ನಮ್ಮ ಮೋಹಿನಿ. ಮೋಹಿನಿಯರೂ ಇಬ್ಬರು. ಭಸ್ಮಾಸುರನ ಕೈಯನ್ನು ಅವನ ತಲೆಯ ಮೇಲೇ ಇಡಿಸಿದ ವಿಷ್ಣುಮೋಹಿನಿ ಬಂದ ಕೆಲಸ ಮುಗಿಸಿ ಹೊರಟವಳು. ಹಳ್ಳಿಯವರು 'ಮೋಹಿನಿ ಮೆಟ್ಟಿಕೊಂಡಿದೆ' ಅನ್ನುವಾಗ ಹೇಳುವುದು ಆಸೆ ತೀರದೆ ಸತ್ತವಳನ್ನು. ಅವಳಿಗೆ ತೀರದ ಆಸೆ ಯಾವುದು? ನಿಮ್ಮ ಕಥೆಯಲ್ಲಿ ಅದೊಂದೇ ಇಲ್ಲ.

ರೆಕ್ಕೆಯವಳು ಯುರೋಪಿನ ಸಕ್ಯುಬಸ್, ನಿದ್ದೆಯಲ್ಲಿರುವ ಗಂಡಸರ ಬಳಿ ಬರುವ ಹೆಣ್ಣುದೆವ್ವ. ಲ್ಯಾಟಿನ್ ಮೂಲದಲ್ಲಿ 'ಕೆಳಗೆ ಮಲಗುವುದು' ಎಂಬ ಅರ್ಥ. ಮೇಲೆ ಮಲಗುವವನು ಇನ್‌ಕ್ಯುಬಸ್. ಇವರ ಕಥೆಗಳ ಹಿಂದಿರುವ, ಎದೆಯ ಮೇಲೆ ಯಾರೋ ಕೂತಂತಾಗುವ ಅನುಭವಕ್ಕೆ ನಿದ್ದೆಯಲ್ಲೇ ಒಂದು ಕಾರಣವಿದೆ. ಕನಸಿನ ಹೊತ್ತಿನಲ್ಲಿ ಮೈಯ ಸ್ನಾಯುಗಳು ಸಡಿಲಬಿದ್ದಿರುತ್ತವೆ. ಅವು ಹಿಡಿತಕ್ಕೆ ಬರುವ ಮೊದಲೇ ಎಚ್ಚರವಾದರೆ ಕಣ್ಣು ಹೊರಳುತ್ತದೆ, ಕೈ ಏಳುವುದಿಲ್ಲ, ಗಂಟಲಿನಿಂದ ಕೂಗು ಹೊರಡುವುದಿಲ್ಲ. ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದ ಮಾತು. ನಿದ್ದೆಗೆಟ್ಟವರಿಗೆ, ಅಂಗಾತ ಮಲಗಿದವರಿಗೆ ಹೆಚ್ಚು. ನಿಮ್ಮ ನಾಯಕ ನೈಟ್ ಶಿಫ್ಟಿನವನು, ಸರಿಯಾದ ಆಯ್ಕೆಯೇ. ಆದರೆ ಅವನು ಕಿರುಚಿ ದಿಂಬು ಎಸೆಯುತ್ತಾನೆ! ಅಲ್ಲಿಗೆ ದೃಶ್ಯ ಕೆಟ್ಟಿತು.

ಇನ್ನು ಬಾಗಿಲು. 1990ರ ದಶಕದಲ್ಲಿ ನಮ್ಮೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ದೆವ್ವವಾಗಿ ಬಂದವಳು ಓದುತ್ತಾಳೆ, ಹಿಂದಿರುಗುತ್ತಾಳೆ, ಮರುದಿನ ಬಂದರೆ ಮತ್ತೆ ಅದೇ ನಾಳೆ. ಎಷ್ಟೋ ದೂರದ ಮೆಸೊಪೊಟೇಮಿಯಾದಲ್ಲಿ (ಇಂದಿನ ಇರಾಕ್), ಸುಮಾರು 6ನೇ ಶತಮಾನದ ಆಸುಪಾಸಿನಲ್ಲಿ, ಮಣ್ಣಿನ ಬಟ್ಟಲೊಳಗೆ ಸುರುಳಿಯಾಗಿ ಮಂತ್ರ ಬರೆದು ಮನೆಯೊಳಗೆ ಬೋರಲು ಹೂಳುತ್ತಿದ್ದರು. ಕೆಲವು ಬಟ್ಟಲುಗಳ ಬರಹ ಹೆಣ್ಣುದೆವ್ವ ಲಿಲಿತ್‌ಗೆ ಕೊಟ್ಟ ವಿಚ್ಛೇದನ ಪತ್ರ: ಬೇಡದ ಹೆಂಡತಿಯಂತೆ ಅವಳನ್ನು ಕಾಗದಪತ್ರದ ಪ್ರಕಾರವೇ ಹೊರಹಾಕುವುದು. ಎರಡೂ ಕಡೆ ಅವಳನ್ನು ತಡೆದದ್ದು ಅಕ್ಷರ. ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಹಾಗಾಗಿ ರೆಕ್ಕೆ ಕಿತ್ತುಹಾಕಿ, ವೀಳ್ಯ ಬಿಡಿ. ಬಾಗಿಲ ಮೇಲೆ ಯಾರು ಬರೆದರು, ಇದ್ದಿಲಿನಲ್ಲೋ ಪೇಂಟಿನಲ್ಲೋ, ಅದನ್ನು ಹೇಳಿ. ಸೀಮೆಸುಣ್ಣದಲ್ಲಿ ಬರೆದಿದ್ದರೆ, ಆ ರಾತ್ರಿ ಮಳೆ ಬಂತೇ?

ವಿಶ್ವಾಸಪೂರ್ವಕ,
ನಿಮ್ಮ ಹಿರಿಯ ಓದುಗ