ಗೆಳೆಯನಿಗೊಂದು ಪತ್ರ: ಹಿಮದಲ್ಲಿ ಸಾಲಾಗಿ ನಡೆವ ತೋಳಗಳು

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಚಿತ್ರ ನೋಡಿದೆ. ಹಿಮದಲ್ಲಿ ಇಪ್ಪತ್ತೈದು ತೋಳಗಳು ಸಾಲಾಗಿ ಹೊರಟಿವೆ. ಜೊತೆಗಿನ ಬರಹದ ಪ್ರಕಾರ ಮುಂದಿನ ಮೂರು ಮುದಿ, ಕಾಯಿಲೆಯ ತೋಳಗಳಂತೆ, ಅವುಗಳ ಹಿಂದೆ ಬಲಶಾಲಿಗಳಂತೆ, ಕೊನೆಗೆ ಒಂಟಿಯಾಗಿ ಬರುತ್ತಿರುವುದೇ ನಾಯಕನಂತೆ. ಓದಲು ಚೆಂದ, ಆದರೆ ನಿಜವಲ್ಲ. ಅದು ಕೆನಡಾದ ವುಡ್ ಬಫಲೋ ರಾಷ್ಟ್ರೀಯ ಉದ್ಯಾನದ ಚಿತ್ರ. 2011ರಲ್ಲಿ ಪ್ರಸಾರವಾದ ಸಾಕ್ಷ್ಯಚಿತ್ರವೊಂದರ ಕೆಲಸದಲ್ಲಿ ತೆಗೆದದ್ದು. ಹಿಂಡು ಬೈಸನ್ ಎಂಬ ದೊಡ್ಡ ಕಾಡುದನಗಳ ಬೇಟೆಗೆ ಹೊರಟಿದೆ. ಮುಂದೆ ದಾರಿ ಮಾಡುತ್ತಿರುವುದು ಹಿಂಡಿನ ತಾಯಿ. ಆಳ ಹಿಮ ಸೀಳಿಕೊಂಡು ನಡೆದರೆ ಬಹಳ ಬೇಗ ದಣಿವಾಗುತ್ತದೆ. ಮುಂದಿನದರ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟರೆ ಹಿಂದಿನವಕ್ಕೆ ಆ ಶ್ರಮ ಉಳಿಯುತ್ತದೆ. ಆ ಕೆಲಸಕ್ಕೆ ಕಾಯಿಲೆಯ ತೋಳವನ್ನು ಮುಂದೆ ಬಿಟ್ಟರೆ ಇಡೀ ಹಿಂಡೇ ನಿಂತುಹೋಗುತ್ತದೆ.

ಜಗಳದಲ್ಲಿ ಗೆದ್ದು ಹಿಂಡನ್ನಾಳುವ ನಾಯಕ ಎಂಬರ್ಥದ 'ಆಲ್ಫಾ' ಎಂಬ ಮಾತಿಗೂ ಒಂದು ಚರಿತ್ರೆಯಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಸಂಶೋಧಕ ಪ್ರಕಟಿಸಿದ ಅಧ್ಯಯನ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ಬೇಲಿಯೊಳಗಿನ ತೋಳಗಳದ್ದು. ಬೆಳೆದ ಮಕ್ಕಳು ಮನೆ ಬಿಟ್ಟು ಹೋಗಲು ಅಲ್ಲಿ ದಾರಿಯಿಲ್ಲ, ಹಾಗಾಗಿ ಜಗಳವೇ ಜಗಳ. ಡೇವಿಡ್ ಮೆಕ್ ಎಂಬ ವಿಜ್ಞಾನಿ 1970ರ ತಮ್ಮ ಪುಸ್ತಕದಲ್ಲಿ ಈ ಆಲ್ಫಾ ಮಾತನ್ನೇ ಹೇಳಿದರು, ಜಗತ್ತು ನಂಬಿತು. ಆಮೇಲೆ 1986ರಿಂದ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದ ಕಾಡುತೋಳಗಳನ್ನು ಬೇಸಿಗೆ ಬೇಸಿಗೆಗೂ ಹತ್ತಿರದಿಂದ ಕಂಡ ಅವರೇ, 1999ರಲ್ಲಿ ಆ ಮಾತು ಸರಿಯಲ್ಲ ಎಂದು ಬರೆದರು. ಹಳೆಯ ಪುಸ್ತಕವನ್ನು ಇನ್ನು ಅಚ್ಚು ಹಾಕಬೇಡಿ ಎಂದು ಪ್ರಕಾಶಕರನ್ನು ಕೇಳುತ್ತಲೇ ಬಂದರು. ಅದು ನಿಂತದ್ದು 2022ರಲ್ಲಿ. ತಾನೇ ಹೇಳಿದ್ದನ್ನು ಇಷ್ಟು ಪಟ್ಟುಹಿಡಿದು ತಿದ್ದಿದವರು ಅಪರೂಪ.

ಕಾಡಿನ ಹಿಂಡು ಎಂದರೆ ಒಂದು ಸಂಸಾರ. ಅಪ್ಪ, ಅಮ್ಮ, ಈ ವರ್ಷದ ಮರಿಗಳು, ಹಿಂದಿನ ಒಂದೆರಡು ವರ್ಷದ ಅಕ್ಕ-ಅಣ್ಣಂದಿರು. ಗರ್ಭ 63 ದಿನ, ಸೂಲಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮರಿ. ಮರಿಗಳು ಕಣ್ಣು ಬಿಡಲು ಎರಡು ವಾರ ಬೇಕು, ಗವಿಯಿಂದ ಹೊರಬರಲು ಮೂರು. ಬೇಟೆಯಿಂದ ಬಂದವರ ಬಾಯಿಯನ್ನು ಮರಿ ನೆಕ್ಕಿದರೆ ಸಾಕು, ಅವು ನುಂಗಿ ತಂದ ಮಾಂಸ ಕಕ್ಕಿ ಕೊಡುತ್ತವೆ. ಹೆತ್ತವರಷ್ಟೇ ಅಲ್ಲ, ಅಕ್ಕ-ಅಣ್ಣಂದಿರೂ ಕೊಡುತ್ತಾರೆ. ನಿನ್ನ ನಾಯಿ ನಿನ್ನ ಮುಖ ನೆಕ್ಕುವುದರ ಬೇರು ಇಲ್ಲೇ ಇರಬೇಕು. ಒಂದರಿಂದ ಮೂರು ವರ್ಷದೊಳಗೆ ಮಕ್ಕಳು ಸಂಗಾತಿಯನ್ನು ಹುಡುಕಿಕೊಂಡು ಹೊರಡುತ್ತವೆ. 'ಒಂಟಿ ತೋಳ' ಎಂದು ನಾವು ಕರೆಯುವುದು ಬಹುಪಾಲು ಹೀಗೆ ಹೊರಟ ಹರೆಯದ್ದನ್ನು.

ತೋಳ ಕಂಡದ್ದನ್ನೆಲ್ಲ ಕೊಲ್ಲುತ್ತದೆ ಎಂದೆಯಲ್ಲ, ಲೆಕ್ಕ ಕೇಳು. ಅಮೆರಿಕದ ಐಲ್ ರಾಯಲ್ ದ್ವೀಪದಲ್ಲಿ ಮೂಸ್ ಎಂಬ ದೈತ್ಯ ಜಿಂಕೆಗಳ ಬೇಟೆಯನ್ನು ಮೆಕ್ ವಿಮಾನದಿಂದ ನೋಡಿದರು. ತೋಳಗಳು ಬೆನ್ನಟ್ಟಿಯೋ ಎದುರು ನಿಂತೋ ಪರೀಕ್ಷಿಸಿದ ಮೂಸ್ 77, ಬಿದ್ದದ್ದು 6. ಮೂಸ್ ಒಂದು ಒದೆ ಕೊಟ್ಟರೆ ತೋಳದ ಪಕ್ಕೆಲುಬೋ ತಲೆಬುರುಡೆಯೋ ಮುರಿಯಬಹುದು. ಅದಕ್ಕೇ ತೋಳಗಳು ಬೇಟೆಪ್ರಾಣಿಗಳನ್ನು ಓಡಿಸಿ, ಕುಂಟುವುದು, ಮುದಿಯಾದದ್ದು, ಎಳೆಯದು ಯಾವುದೆಂದು ನೋಡುತ್ತವೆ. ಸಿಕ್ಕ ದಿನ ಒಂದೇ ಸಲಕ್ಕೆ ಎಂಟೊಂಬತ್ತು ಕೆಜಿ ತಿಂದು, ಆಮೇಲೆ ಎಷ್ಟೋ ದಿನ ಉಪವಾಸ.

ದೊಡ್ಡಿಯೊಳಗೆ ಮಾತ್ರ ಕತೆ ಬೇರೆ. ಜಿಂಕೆ ಓಡಿ ಮರೆಯಾಗುತ್ತದೆ. ಕುರಿ ಮೂಲೆಯಲ್ಲಿ ಗುಂಪುಗಟ್ಟಿ ಅಲ್ಲಲ್ಲೇ ಸುತ್ತುತ್ತದೆ. ಎದುರಿಗೆ ಓಡಾಟ ನಿಲ್ಲದಿದ್ದರೆ ತೋಳದ ಕಚ್ಚಾಟವೂ ನಿಲ್ಲದು. ಹಾಗಾಗಿ ಒಂದು ರಾತ್ರಿಗೆ ಹತ್ತಾರು ಕುರಿ ಸಾಯುತ್ತವೆ. ಕುರಿ ಸಾಕುವವರ ನಷ್ಟ ನಿಜವಾದದ್ದು, ಅದನ್ನು ಸಣ್ಣದು ಮಾಡಿ ಮಾತಾಡಬಾರದು. ತಡೆಯುವ ಉಪಾಯಗಳಿವೆ: ರಾತ್ರಿ ಗಟ್ಟಿ ದೊಡ್ಡಿ, ಮರಿಯಿಂದಲೇ ಕುರಿಗಳ ನಡುವೆ ಬೆಳೆದ ಕಾವಲು ನಾಯಿ, ಜೊತೆಗೆ ಬಟ್ಟೆಪಟ್ಟಿಯ ಹಗ್ಗ. ಸುಮಾರು ಅರ್ಧ ಮೀಟರ್ ಉದ್ದದ ಪಟ್ಟಿಗಳನ್ನು ಅರ್ಧ ಮೀಟರಿಗೂ ಕಡಿಮೆ ಅಂತರದಲ್ಲಿ ಕಟ್ಟಬೇಕು, ತುದಿ ನೆಲದಿಂದ ಒಂದು ಗೇಣು ಮೇಲಿರಬೇಕು. ಗಾಳಿಗೆ ಅಲುಗುವ ಆ ಸಾಲನ್ನು ದಾಟಲು ತೋಳ ಅಂಜುತ್ತದೆ. ಪಟ್ಟಿ ಹಗ್ಗಕ್ಕೆ ಸುತ್ತಿಕೊಂಡು ಸಂದು ಬಿದ್ದರೆ, ಹುಲ್ಲು ಬೆಳೆದು ಪಟ್ಟಿ ಮುಚ್ಚಿದರೆ ಕೆಲಸ ಕೆಟ್ಟಿತು. ಬೆದರುಬೊಂಬೆಯಂತೆ ಇದೂ ಎರಡು ತಿಂಗಳಲ್ಲಿ ಅಭ್ಯಾಸವಾಗಿಬಿಡುತ್ತದೆ. ಆದ್ದರಿಂದ ಕುರಿ ಈಯುವಂಥ ಅಪಾಯದ ವಾರಗಳಿಗಷ್ಟೇ ಕಟ್ಟಿ ಬಿಚ್ಚಿಡುವುದು ಒಳ್ಳೆಯದು.

ಮನುಷ್ಯರ ಮೇಲಿನ ದಾಳಿಗಳಲ್ಲಿ ಹೆಚ್ಚಿನವು ರೇಬೀಸ್ ಹಿಡಿದ ತೋಳಗಳವು. ಕಡಿದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಲಸಿಕೆಗೆ ಓಡಬೇಕು. ಆರೋಗ್ಯವಾಗಿರುವ ತೋಳ ಸಾಮಾನ್ಯವಾಗಿ ನಮ್ಮನ್ನು ಕಂಡು ತಾನೇ ಸರಿಯುತ್ತದೆ. ಸರಿಯದಿದ್ದರೆ ಬೆನ್ನು ತೋರಿಸಿ ಓಡಬೇಡ. ಕೈಯೆತ್ತಿ, ಕೂಗಿ, ಅದರ ಮೇಲೆ ಕಣ್ಣಿಟ್ಟುಕೊಂಡೇ ಹಿಂದೆ ಸರಿ. ತಿನ್ನಲು ಹಾಕುವುದಂತೂ ಯಾವತ್ತೂ ಬೇಡ. ಜನರ ಭಯ ಬಿಟ್ಟ ತೋಳವೇ ಅಪಾಯದ್ದು.

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ತೋಳಗಳು ಎಲ್ಕ್ ಜಿಂಕೆಗಳನ್ನು ಕಡಿಮೆ ಮಾಡಿ, ದಡದ ಗಿಡಗಳು ಬೆಳೆಯುವಂತೆ ಮಾಡಿ, ನದಿಯ ದಾರಿಯನ್ನೇ ಬದಲಿಸಿದವು ಎಂಬುದನ್ನೂ ಹಾಗೇ ನಂಬಬೇಡ. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳ ತಂದು ಬಿಟ್ಟದ್ದು ನಿಜ. ಎಲ್ಕ್ ಜಿಂಕೆಗಳು ಕಡಿಮೆಯಾದದ್ದೂ ನಿಜ, ಆದರೆ ಅದರಲ್ಲಿ ಕರಡಿ, ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕು, ಮನುಷ್ಯರ ಬೇಟೆಯ ಪಾಲೂ ಇದೆ. ತೋಳವನ್ನು ಮೆಚ್ಚಲು ಇಲ್ಲದ ಪವಾಡ ಬೇಕಿಲ್ಲ.

ಹುಣ್ಣಿಮೆಗೂ ಊಳಿಗೂ ಸಂಬಂಧವಿಲ್ಲ. ಚದುರಿದವರನ್ನು ಸೇರಿಸಲು, ಪಕ್ಕದ ಹಿಂಡಿಗೆ 'ಇದು ನಮ್ಮ ಜಾಗ' ಎನ್ನಲು ಊಳಿಡುತ್ತವೆ. ಒಂದೊಂದೂ ಬೇರೆ ಶ್ರುತಿ ಹಿಡಿದು ದನಿಯನ್ನು ಏರಿಸಿ ಇಳಿಸುವುದರಿಂದ, ಕತ್ತಲಲ್ಲಿ ಕೇಳುವವರಿಗೆ ಮೂರು ತೋಳ ಹತ್ತಾಗಿ ಕೇಳಿಸುತ್ತವೆ.

ಇಂತಿ,
ನಿನ್ನ ಗೆಳೆಯ